ಬೀಗ ಹಾಕಿದ ಬೀರು, ಪಾಠ ಮಾಡುವ ಮೇಷ್ಟ್ರು

ನಮ್ಮಲ್ಲಿ ಹೆಚ್ಚಿನವರು ಓದಿದ್ದು ಹಳ್ಳಿಯ ಹೈಸ್ಕೂಲಿನಲ್ಲಿ. ಅಲ್ಲಿ ಲೈಬ್ರರಿ ಎಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಕಬ್ಬಿಣದ ಬೀರು. ಬೀಗದ ಕೈ ಕನ್ನಡ ಮೇಷ್ಟ್ರ ಹತ್ತಿರ. ಪುಸ್ತಕ ಕಳೆದರೆ ಅವರೇ ಉತ್ತರ ಕೊಡಬೇಕು. ಹಾಗಾಗಿ ಬೀರು ತೆರೆಯುತ್ತಿದ್ದುದೇ ಅಪರೂಪ. ಮೇಷ್ಟ್ರು ಕೆಟ್ಟವರಲ್ಲ, ಒಬ್ಬರ ಹೆಗಲಿಗೆ ಎರಡು ಕೆಲಸ ಬಿದ್ದಿತ್ತು ಅಷ್ಟೆ.

ಪಾಠ ಮಾಡುವವರು ಒಬ್ಬರು, ಪುಸ್ತಕ ನೋಡಿಕೊಳ್ಳುವವರು ಇನ್ನೊಬ್ಬರು, ಇಬ್ಬರೂ ಕೂಡಿ ಮಕ್ಕಳನ್ನು ಓದಿಸಬೇಕು ಎಂಬ ಯೋಚನೆ ಎಲ್ಲಿಂದ ಬಂತು?

ಅಮೆರಿಕದ ಬ್ರೂಕ್ಲಿನ್‌ನಲ್ಲಿ ಇರಾಸ್ಮಸ್ ಹಾಲ್ ಎಂಬ ಹೈಸ್ಕೂಲಿತ್ತು. 1900ರಲ್ಲಿ ಆ ಶಾಲೆ ಮೇರಿ ಕಿಂಗ್ಸ್‌ಬರಿ ಎಂಬಾಕೆಯನ್ನು ನೇಮಿಸಿಕೊಂಡಿತು. ಆಕೆ ಗ್ರಂಥಾಲಯ ತರಬೇತಿ ಪಡೆದಿದ್ದರು. ಅಂಥ ತರಬೇತಿ ಪಡೆದು ಹೈಸ್ಕೂಲಿಗೆ ಲೈಬ್ರರಿಯನ್ ಆಗಿ ಬಂದವರಲ್ಲಿ ಅಲ್ಲಿನ ಇತಿಹಾಸ ಆಕೆಯನ್ನೇ ಮೊದಲಿಗರೆಂದು ಹೇಳುತ್ತದೆ. 1903ರಲ್ಲಿ ಅದೇ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಮೇರಿ ಹಾಲ್ ಬಂದರು. ಇಂಥವರು ಬೆಳೆಸಿದ ಪದ್ಧತಿ ಸರಳ. ಮುಂದಿನ ವಾರ ಯಾವ ಪಾಠ ಎಂದು ಟೀಚರನ್ನು ಕೇಳುವುದು, ಅದಕ್ಕೆ ಬೇಕಾದ ಪುಸ್ತಕ, ಚಿತ್ರ ತೆಗೆದಿಡುವುದು, ತರಗತಿಯನ್ನೇ ಲೈಬ್ರರಿಗೆ ಕರೆಸಿ ನಿಘಂಟು ನೋಡುವುದು ಹೇಗೆಂದು ಕಲಿಸುವುದು.

ನಮ್ಮ ದೇಶದಲ್ಲಿ ಈ ಮಾತು ಬಂದರೆ ಎಸ್. ಆರ್. ರಂಗನಾಥನ್ ಹೆಸರು ಬರಲೇಬೇಕು. ಅವರು ಮೂಲತಃ ಗಣಿತದ ಮೇಷ್ಟ್ರು. 1917ರಲ್ಲಿ ಪಾಠ ಮಾಡಲು ಶುರು ಮಾಡಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ನಮ್ಮ ಬೀರುವಿನ ಮೇಲೆ ಬರೆದು ಅಂಟಿಸಬೇಕಾಗಿದ್ದ ಮಾತು ಅದು. ಮುಂದೆ ಬೆಂಗಳೂರಿಗೆ ಬಂದು, 1962ರಲ್ಲಿ ಗ್ರಂಥಾಲಯ ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅಲ್ಲೇ ತೀರಿಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ ಪ್ರೌಢಶಿಕ್ಷಣ ಹೇಗಿರಬೇಕೆಂದು ನೋಡಲು 1952ರಲ್ಲಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಆಯೋಗವನ್ನು ಕೇಂದ್ರ ಸರ್ಕಾರ ನೇಮಿಸಿತು. ಮಕ್ಕಳ ಆಸಕ್ತಿಗೆ ಹೊಂದದ ಹಳೆಯ ಪುಸ್ತಕಗಳು, ಕೆಲವೇ ಕಪಾಟುಗಳು, ಬಿಡುವಿನಲ್ಲಿ ಅದನ್ನು ನೋಡಿಕೊಳ್ಳುವ ಗುಮಾಸ್ತ ಅಥವಾ ಶಿಕ್ಷಕ: 1953ರ ವರದಿಯಲ್ಲಿ ಈ ಚಿತ್ರ ಇದೆ. ಓದಿದಾಗ ನಮ್ಮ ಶಾಲೆಯ ಕಥೆಯನ್ನೇ ಓದಿದಂತಾಯಿತು. ತರಬೇತಿಯಾದ ಗ್ರಂಥಪಾಲಕರು ಬೇಕು, ಸಂಬಳದಲ್ಲೂ ಸ್ಥಾನದಲ್ಲೂ ಅವರು ಹಿರಿಯ ಶಿಕ್ಷಕರಿಗೆ ಸಮನಾಗಿರಬೇಕು ಎಂದು ಆಯೋಗ ಹೇಳಿತು. ಸಮನಾದ ಸ್ಥಾನ ಏಕೆ? ಮುಂದಿನ ಪಾಠಕ್ಕೆ ಮಕ್ಕಳು ಇದನ್ನೂ ಓದಲಿ ಎಂದು ಮೇಷ್ಟ್ರಿಗೆ ಹೇಳುವ ಧೈರ್ಯ, ಅವರ ಪಕ್ಕದಲ್ಲಿ ಕುರ್ಚಿ ಇದ್ದವರಿಗೆ ಮಾತ್ರ ಬರುತ್ತದೆ.

ನಾವು ಓದುವ ಹೊತ್ತಿಗೂ ಆ ಕುರ್ಚಿ ನಮ್ಮ ಶಾಲೆಗೆ ಬಂದಿರಲಿಲ್ಲ. ಆದರೆ ಈಗ ಊರಿನಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅಲ್ಲಿ ಪುಸ್ತಕ ನೋಡಿಕೊಳ್ಳಲೆಂದೇ ಒಬ್ಬ ಮೇಲ್ವಿಚಾರಕರಿದ್ದಾರೆ.

ಹಾಗಾದರೆ ಬ್ರೂಕ್ಲಿನ್‌ನ ಪದ್ಧತಿ ನಮ್ಮೂರಿಗೆ ದೂರವೇನಲ್ಲ. ಮುಂದಿನ ತಿಂಗಳ ಪಾಠಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಷ್ಟ್ರು ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸಿದರೆ ಸಾಕು, ಮೇಲ್ವಿಚಾರಕರು ಅದಕ್ಕೆ ತಕ್ಕ ಪುಸ್ತಕಗಳನ್ನು ಎದುರಿಗೇ ಇಡಬಹುದು. ಮನೆಯಲ್ಲಿ ಪಠ್ಯ ಬಿಟ್ಟರೆ ಬೇರೆ ಪುಸ್ತಕವೇ ಇಲ್ಲದ ಮಗುವಿಗೆ ಆ ಹಾಳೆಯ ಬೆಲೆ ದೊಡ್ಡದು. ನಿಮ್ಮ ಮಕ್ಕಳ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ನಡೆದಾಗ ಈ ಮಾತು ಎತ್ತಿ ನೋಡಿ. ಜೊತೆಗೆ, ಬೀರುವಿನ ಬೀಗದ ಕೈ ಎಲ್ಲಿದೆ ಅಂತಲೂ ಒಮ್ಮೆ ಕೇಳಿ.