ದೊಡ್ಡರೋಗ ಹೋಯಿತು, ಹೊಟ್ಟೆಹುಳು ಉಳಿಯಿತು



ಶಿವಗಂಗೆ ಬೆಟ್ಟದ ತುದಿಯಲ್ಲಿ ಕಲ್ಲಿನ ಬಸವಣ್ಣ ಕೂತಿದ್ದಾನೆ. ಕೆಳಗೆ ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಎತ್ತಿನ ಕೊಂಬು, ಸುಳಿ, ಹಲ್ಲು, ನಡಿಗೆ ಎಲ್ಲವನ್ನೂ ನೋಡಿ ಬೆಲೆ ಕಟ್ಟುವ ಜನ ನಾವು. ಆದರೆ ದನದ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವ ವಿದ್ಯೆ ನಮಗೆ ದೊರೆತದ್ದು ಈಚೆಗೆ. ಆ ಸಂಗತಿಯನ್ನು ಈ ಹೊತ್ತು ವಿಚಾರ ಮಾಡೋಣ.

ಹಿಂದೆ ದನ ಸಾಕುವವರಿಗೆ ದೊಡ್ಡ ಭಯವೆಂದರೆ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಅದು ಊರಿಗೆ ಕಾಲಿಟ್ಟರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಅದನ್ನು ತಡೆಯಲಿಕ್ಕೆಂದೇ 1925ರಲ್ಲಿ ಮೈಸೂರು ಸಂಸ್ಥಾನದ ಸೀರಂ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲಿ ಶುರುವಾಯಿತು. 1954ರಲ್ಲಿ ದೇಶವೆಲ್ಲ ಸೇರಿ ಆ ರೋಗದ ಬೇರು ಕೀಳುವ ಕೆಲಸಕ್ಕೆ ಕೈಹಾಕಿತು. 2006ರಲ್ಲಿ ಭಾರತ ಅದರಿಂದ ಮುಕ್ತವೆನಿಸಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಇದು ಸಣ್ಣ ಗೆಲುವಲ್ಲ.

ಹಾಗಾದರೆ ಹೊಟ್ಟೆಹುಳು ಯಾಕೆ ಹೋಗಲಿಲ್ಲ? ದೊಡ್ಡರೋಗ ಕಣ್ಣೆದುರಿಗೇ ಕೊಲ್ಲುತ್ತಿತ್ತು, ಹುಳು ಹಾಗಲ್ಲ. ಅದು ದನವನ್ನು ಉಳಿಸಿಕೊಂಡೇ ತಿನ್ನುತ್ತದೆ. ಹಸು ಮೇಯುತ್ತದೆ, ಮೈ ಹತ್ತುವುದಿಲ್ಲ. ಹಿಂಡಿ ಹಾಕುತ್ತೀರಿ, ಹಾಲು ಏರುವುದಿಲ್ಲ. ಕರುವಿಗೆ ಹೊಟ್ಟೆ ಡೊಳ್ಳು, ಕೂದಲು ಒರಟು. ಒಂದು ಸಲ ಚುಚ್ಚಿ ಮುಗಿಸಿಬಿಡುವ ಲಸಿಕೆಯೂ ದನಗಳ ಹೊಟ್ಟೆಹುಳುವಿಗೆ ಇಲ್ಲ.

ನಮ್ಮ ಹಿರಿಯರು ಸುಮ್ಮನೆ ಕೂತಿರಲಿಲ್ಲ. ಮುತ್ತುಗದ ಬೀಜ, ವಾಯುವಿಳಂಗ, ಬೇವು ಇವನ್ನು ಅರೆದು ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದರು. ಆದರೆ ಹುಳು ಎಲ್ಲಿಂದ ಬರುತ್ತೆ ಅನ್ನುವುದು ಒಗಟಾಗಿಯೇ ಇತ್ತು.

ಒಗಟಿನ ಒಂದು ಎಳೆ ಬಿಚ್ಚಿದ್ದು 1881ರಿಂದ 1883ರ ನಡುವೆ. ಇಂಗ್ಲೆಂಡಿನ ಥಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ ಬೇರೆ ಬೇರೆಯಾಗಿ ದುಡಿದು ಒಂದೇ ಸತ್ಯ ಕಂಡರು. ಕುರಿ ದನಗಳ ಪಿತ್ತಕೋಶದ ಚಪ್ಪಟೆಹುಳುವಿನ ಮೊಟ್ಟೆ ಸಗಣಿ, ಹಿಕ್ಕೆಗಳಲ್ಲಿ ಹೊರಬಂದು, ನೀರಿನಲ್ಲಿ ಒಡೆದು, ಮರಿ ಬಸವನಹುಳುವಿನೊಳಗೆ ಬೆಳೆದು, ಕೊನೆಗೆ ಹುಲ್ಲಿಗೆ ಅಂಟಿ ಮತ್ತೆ ದನದ ಬಾಯಿಗೆ ಬರುತ್ತದೆ. ನಮ್ಮ ಕೆರೆಯಂಚಿನ ಹಸಿರು ಹುಲ್ಲು ಯಾಕೆ ಅಪಾಯ ಅನ್ನುವುದು ಇದರಿಂದ ತಿಳಿಯಿತು. ದುಂಡುಹುಳುಗಳ ಮರಿಗಾದರೋ ಬಸವನಹುಳು ಬೇಕಿಲ್ಲ. ಮಳೆಗಾಲದ ಇಬ್ಬನಿಯಲ್ಲಿ ತಾವೇ ಹುಲ್ಲಿನ ಎಸಳು ಹತ್ತಿ ಕಾಯುತ್ತವೆ.

ಕರುಗಳ ವಿಷಯ ಇನ್ನೂ ವಿಚಿತ್ರ. ಹುಲ್ಲನ್ನೇ ಮುಟ್ಟದ ಮೂರು ವಾರದ ಕರುವಿನ ಹೊಟ್ಟೆಯಲ್ಲಿ ಗೇಣುದ್ದದ ಹುಳು ಹೇಗೆ ಬಂತು? ಹಾಲು ಹೆಚ್ಚಾದರೆ ಹುಳ ಬೀಳುತ್ತೆ ಅನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ತಾಯಿ ನುಂಗಿದ ಹುಳುವಿನ ಮರಿ ಅದರ ಮೈಯಲ್ಲಿ ಮಲಗಿದ್ದು, ಈಯುವ ಹೊತ್ತಿಗೆ ಎಚ್ಚೆತ್ತು ಕೆಚ್ಚಲಿಗೆ ಇಳಿದು, ಹಾಲಿನ ಜೊತೆ ಕರುವಿಗೆ ಹೋಗುತ್ತದೆ ಎಂದು ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಿದ್ಧವಾಯಿತು. ಎಮ್ಮೆಕರುವಿಗೆ ಇದರ ಕಾಟ ಹೆಚ್ಚು. ಹಾಗೆಂದು ಗಿಣ್ಣುಹಾಲು ತಪ್ಪಿಸಬೇಡಿ! ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಅದರಿಂದ. ಗಿಣ್ಣು ಹೊಟ್ಟೆತುಂಬ ಕುಡಿಸಿ. 10ರಿಂದ 16 ದಿನದೊಳಗೆ ಪಶುವೈದ್ಯರನ್ನು ಕೇಳಿ ಮೊದಲ ಜಂತಿನ ಔಷಧಿ ಹಾಕಿಸಿ.

ಔಷಧಿಗೂ ಒಂದು ಚರಿತ್ರೆಯುಂಟು. 1961ರಲ್ಲಿ ಥಯಾಬೆಂಡಜೋಲ್ ಎಂಬ ಹೊಸ ಮದ್ದು ಬಂತು. ಎಲ್ಲರೂ ಹಿಗ್ಗಿದರು. ಮೂರೇ ವರ್ಷಕ್ಕೆ, 1964ರಲ್ಲಿ, ಅಮೆರಿಕದ ಕುರಿಗಳಲ್ಲಿ ಆ ಮದ್ದಿಗೆ ಜಗ್ಗದ ಹುಳು ಕಾಣಿಸಿತು. 1981ರಲ್ಲಿ ಐವರ್ಮೆಕ್ಟಿನ್ ಬಂತು. ಜಪಾನಿನ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹುಟ್ಟಿದ ಈ ಮದ್ದಿಗಾಗಿ ಒಮುರಾ, ಕ್ಯಾಂಪ್‌ಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಹುಮಾನ ಸಂದಿತು. ಆದರೆ ಅದು ಚಪ್ಪಟೆಹುಳು, ಲಾಡಿಹುಳುಗಳಿಗೆ ನಾಟುವುದಿಲ್ಲ. ಅದಕ್ಕೂ ಜಗ್ಗದ ದುಂಡುಹುಳುಗಳು ಈಗ ಉಂಟು. ಪಾಠ ಏನು? ಕಣ್ಣು ಮುಚ್ಚಿಕೊಂಡು ಒಂದೇ ಮದ್ದು ಕುಡಿಸುತ್ತಾ ಹೋದರೆ, ಗಟ್ಟಿ ಹುಳುವನ್ನು ನಾವೇ ಸಾಕಿದಂತೆ.

1960ರ ದಶಕದಲ್ಲಿ ನಮ್ಮ ಹತ್ತಿರದ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ದನಗಳ ಯೋಜನೆ ನಡೆಯಿತು. ಆಮೇಲೆ ಮಿಶ್ರತಳಿ ಹಸು ಮನೆಮನೆಗೆ ಬಂತು, ಡೈರಿಯ ಹಾಲಿನ ಕ್ಯಾನೇ ಸಂಸಾರದ ಆಧಾರವಾಯಿತು. ಇವತ್ತು ಸೊರಗಿದ ಹೆಣ್ಣುಗರು ನಾಳೆ ತಡವಾಗಿ ಬೆದೆಗೆ ಬರುವ ಪಡ್ಡೆ. ನಷ್ಟ ಡೈರಿಯ ಪುಸ್ತಕದಲ್ಲಿ ಬರೆಯುವುದಿಲ್ಲ, ಮನೆಯ ಜೇಬಿನಲ್ಲಿ ಕಾಣುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಬೆಂಕಿಪೊಟ್ಟಣದಷ್ಟು ಹೊಸ ಸಗಣಿಯನ್ನು ಶುದ್ಧವಾದ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿ. ಯಾವ ಹುಳು ಎಂದು ತಿಳಿದು, ದನದ ತೂಕಕ್ಕೆ ತಕ್ಕ ಮದ್ದು ಹಾಕಿಸಿ. ಗಬ್ಬದ ಹಸುವಾದರೆ ಮೊದಲೇ ಹೇಳಿ. ಕೆಲವು ಮದ್ದು ಗಬ್ಬಕ್ಕೆ ಆಗದು. ಹಾಲು ಎಷ್ಟು ದಿನ ಡೈರಿಗೆ ಹಾಕಬಾರದೆಂದು ಕೇಳಿ ತಿಳಿಯಿರಿ. ಕರುಗಳನ್ನು ದೊಡ್ಡ ದನಗಳಿಂದ ಬೇರೆ, ಒಣನೆಲದಲ್ಲಿ ಕಟ್ಟಿ. ಸಗಣಿಯನ್ನು ದಿನವೂ ಬಾಚಿ ತಿಪ್ಪೆಗೆ ಹಾಕಿ. ತಿಪ್ಪೆಯ ಕಾವಿಗೆ ಮೊಟ್ಟೆಗಳು ಸಾಯುತ್ತವೆ. ಕೆರೆಯಂಚಿನ ಹುಲ್ಲನ್ನು ಹಸಿಯಾಗಿ ಹಾಕಬೇಡಿ, ಚೆನ್ನಾಗಿ ಒಣಗಿಸಿ ಹಾಕಿ. ಕುಡಿಯಲು ತೊಟ್ಟಿಯ ನೀರು ಕೊಡಿ.

ದೊಡ್ಡರೋಗವನ್ನು ಸರ್ಕಾರ ಊರೂರಿಗೆ ಬಂದು ಓಡಿಸಿತು. ಹೊಟ್ಟೆಹುಳುವನ್ನು ಹತೋಟಿಯಲ್ಲಿ ಇಡಬೇಕಾದವರು ಕೊಟ್ಟಿಗೆ ಗುಡಿಸುವ ಕೈಗಳೇ.