ಹತ್ತು ಸೆಂಟಿನ ಕವರು



ಲೆಕ್ಕಪರಿಶೋಧನೆ ನನ್ನ ವೃತ್ತಿ. ಇತಿಹಾಸದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ನಾನು ಆರಿಸಿಕೊಂಡಿದ್ದು ಅಂಗಡಿ ರಸೀತಿಯ ಒಂದು ಸಾಲನ್ನು: ಚೀಲ, 10 ಸೆಂಟು. ಊರಿನಲ್ಲಿ ನಾವು ‘ಕವರ್’ ಎನ್ನುತ್ತೇವಲ್ಲ, ಅದೇ.

ಕವರಿನ ಮೂಲ ಎಥಿಲೀನ್ ಅನಿಲ. ಬಾಳೆಕಾಯಿಯನ್ನು ಹಣ್ಣಾಗಿಸುವುದೂ ಇದೇ ಅನಿಲ. ಕಾರ್ಖಾನೆಗಳು ಇದನ್ನು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದಿಂದ ಪಡೆಯುತ್ತವೆ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಫಾಸೆಟ್ ಮತ್ತು ಗಿಬ್ಸನ್ ಇದನ್ನು ಭಾರಿ ಒತ್ತಡದಲ್ಲಿ ಬೇರೊಂದು ರಾಸಾಯನಿಕದ ಜತೆ ಕಾಯಿಸಿದರು. ಬಯಸಿದ್ದು ಸಿಗಲಿಲ್ಲ, ಮೇಣದಂಥ ಬಿಳಿ ಪದಾರ್ಥ ಸಿಕ್ಕಿತು. ಅದೇ ಪಾಲಿಥೀನ್. ಯುದ್ಧಕಾಲದಲ್ಲಿ ರೇಡಾರ್ ಕೇಬಲ್ಲುಗಳಿಗೆ ಹೊದಿಕೆಯಾಯಿತು. 1960ರ ದಶಕದಲ್ಲಿ ಸ್ವೀಡನ್ನಿನ ಸೆಲ್ಲೋಪ್ಲಾಸ್ಟ್ ಕಂಪನಿ ಹಿಡಿಕೆಯ ಚೀಲಕ್ಕೆ ಪೇಟೆಂಟ್ ಪಡೆಯಿತು. 1980ರ ದಶಕದಲ್ಲಿ ಅದು ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಲ್ಲಿ ತಳವೂರಿತು. ಕಾಗದದ ಚೀಲಕ್ಕಿಂತ ಅಗ್ಗ, ಅಷ್ಟೇ.

ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಕಥೆ ಇಲ್ಲಿಂದ ಶುರು. 2005ರಲ್ಲಿ ನಗರ ಒಂದು ಚೀಲಕ್ಕೆ 17 ಸೆಂಟು ಶುಲ್ಕ ಹಾಕುವ ಯೋಚನೆ ಮಾಡಿತು. ದಿನಸಿ ಅಂಗಡಿಗಳು ‘ಶುಲ್ಕ ಬೇಡ, ನಾವೇ ಬಳಕೆ ತಗ್ಗಿಸುತ್ತೇವೆ’ ಎಂದವು. 2006ರಲ್ಲಿ ರಾಜ್ಯ ಸರ್ಕಾರ ಒಂದು ಕಾನೂನು ತಂದಿತು: ದೊಡ್ಡ ಅಂಗಡಿಗಳು ಹಳೆಯ ಕವರು ವಾಪಸ್ ಪಡೆಯಬೇಕು, ಆದರೆ ಕವರಿನ ಮೇಲೆ ನಗರಗಳು ಶುಲ್ಕ ಹಾಕುವಂತಿಲ್ಲ. ಶುಲ್ಕ ಬೇಡ ಎಂದಿತೇ ಹೊರತು ನಿಷೇಧ ಬೇಡ ಎನ್ನಲಿಲ್ಲ! ಸರಿ, ಮರುವರ್ಷವೇ ನಗರ ದೊಡ್ಡ ಸೂಪರ್‌ಮಾರ್ಕೆಟ್ಟುಗಳಲ್ಲಿ ಕವರನ್ನೇ ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಬೆಲೆ ಕಟ್ಟಲು ಬಿಡದವರಿಗೆ ನಿಷೇಧವೇ ಎದುರಾಯಿತು.

ಇಡೀ ರಾಜ್ಯದ ಕಾಯಿದೆಗೆ 2014ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜೆರಿ ಬ್ರೌನ್ ಸಹಿ ಹಾಕಿದರು. ಕವರು ತಯಾರಕರು ಜನಮತಗಣನೆಗೆ ಸಹಿ ಸಂಗ್ರಹಿಸಿ ತಡೆದರು. 2016ರ ನವೆಂಬರ್ ಮತದಾನದಲ್ಲಿ ಕಾಯಿದೆ ಗೆದ್ದಿತು. ಅದೇ ಮತಪತ್ರದಲ್ಲಿ ತಯಾರಕರದೇ ಇನ್ನೊಂದು ಪ್ರಸ್ತಾಪವಿತ್ತು: ಆ 10 ಸೆಂಟು ಅಂಗಡಿಗೆ ಬೇಡ, ಪರಿಸರ ನಿಧಿಗೆ ಹೋಗಲಿ. ಅದು ಸೋತಿತು. ಹಾಗಾಗಿ ಈ ದುಡ್ಡು ತೆರಿಗೆಯಲ್ಲ. ಅಂಗಡಿಯ ಪುಸ್ತಕದಲ್ಲೇ ಉಳಿಯುತ್ತದೆ. ಇದು ತೆರಿಗೆಯೆಂದೇ ನಂಬಿದವರನ್ನು ನಾನು ಇಲ್ಲಿ ಬಹಳ ಮಂದಿ ನೋಡಿದ್ದೇನೆ.

ಆದರೆ ಕಾಯಿದೆಯಲ್ಲೊಂದು ಕಿಂಡಿ ಇತ್ತು. 10 ಕಿಲೋ ಭಾರ ಹೊತ್ತು 175 ಅಡಿ ದೂರ, 125 ಸಲ ಸಾಗಬಲ್ಲ ದಪ್ಪ ಚೀಲ ‘ಮರುಬಳಕೆಯದು’ ಎನಿಸಿಕೊಂಡಿತು. ಕನಿಷ್ಠ ದಪ್ಪ ಸುಮಾರು 57 ಮೈಕ್ರಾನ್. 125 ಸಲ ಯಾರು ಹೊರುತ್ತಾರೆ? 10 ಸೆಂಟು ಕೊಟ್ಟೆವು, ಮನೆಗೆ ತಂದೆವು, ಕಸಕ್ಕೆ ಹಾಕಿದೆವು. ಕವರು ಮೊದಲಿಗಿಂತ ಹಲವು ಪಟ್ಟು ಭಾರ. 2014ರಲ್ಲಿ ರಾಜ್ಯದ ಕಸದಲ್ಲಿ ಸುಮಾರು 1.57 ಲಕ್ಷ ಟನ್ ಪ್ಲಾಸ್ಟಿಕ್ ಚೀಲವಿತ್ತು; 2022ರಲ್ಲಿ ಸುಮಾರು 2.31 ಲಕ್ಷ ಟನ್. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಎಣಿಕೆ ಬೇರೆ, ತೂಕ ಬೇರೆ; ಕಾಯಿದೆ ಎಣಿಕೆಯ ಮೇಲೆ ಕಣ್ಣಿಟ್ಟು ತೂಕವನ್ನು ಬಿಟ್ಟುಕೊಟ್ಟಿತು.

ಕರ್ನಾಟಕ 2016ರ ಮಾರ್ಚ್‌ನಲ್ಲೇ ದಪ್ಪದ ಚೌಕಾಶಿಗೆ ಹೋಗದೆ, ಯಾವ ದಪ್ಪದ ಪ್ಲಾಸ್ಟಿಕ್ ಕ್ಯಾರಿಬ್ಯಾಗೂ ಬೇಡ ಎಂದಿತು. ಬರಹದಲ್ಲಿ ಅದೇ ಹೆಚ್ಚು ಬಿಗಿ. ರಜೆಗೆ ಹೋದಾಗ ತರಕಾರಿ ಗಾಡಿಯವರು ಕೊತ್ತಂಬರಿ ಸೊಪ್ಪನ್ನು ಕವರಿಗೇ ಹಾಕಿಕೊಡುತ್ತಾರೆ, ಅದು ಬೇರೆ ಮಾತು.

ಕ್ಯಾಲಿಫೋರ್ನಿಯಾ ಆ ಕಿಂಡಿಯನ್ನು ಮುಚ್ಚುವ ಕಾನೂನನ್ನು 2024ರಲ್ಲಿ ಮಾಡಿತು. 2026ರ ಜನವರಿ 1ರಿಂದ ಅದರ ವ್ಯಾಪ್ತಿಯ ಅಂಗಡಿಗಳ ಬಿಲ್ ಕೌಂಟರಿನಲ್ಲಿ ದಪ್ಪ ಪ್ಲಾಸ್ಟಿಕ್ ಚೀಲವೂ ಇಲ್ಲ. ರಸೀತಿಯ ಸಾಲು ಮಾತ್ರ ಹೋಗಿಲ್ಲ, ಅದೀಗ ಕಾಗದದ ಚೀಲದ್ದು.