ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳು: ಭೂಮಿ ಮೊದಲು, ಪೌರತ್ವ ಆಮೇಲೆ

ಹೊಸಪೇಟೆ: ತುಂಗಭದ್ರಾ ಕಾಲುವೆಗಳ ಗುಂಟ ಕಂಪ್ಲಿ, ಗಂಗಾವತಿ, ಸಿರುಗುಪ್ಪ, ಸಿಂಧನೂರು ಭಾಗದಲ್ಲಿ ಸಂಚರಿಸುವವರಿಗೆ ಊರ ಹೆಸರಿನ ಕೊನೆಯಲ್ಲಿ 'ಕ್ಯಾಂಪ್' ಎಂಬ ಪದ ಹೊಸದಲ್ಲ. ಇವುಗಳಲ್ಲಿ ಹೆಚ್ಚಿನವು ನೀರಾವರಿಯನ್ನು ಅರಸಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕಟ್ಟಿಕೊಂಡವು. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳು ಹಾಗಲ್ಲ. ಇವು ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದ ಹಿಂದೂ ನಿರಾಶ್ರಿತರಿಗಾಗಿ 1970ರ ದಶಕದ ಆರಂಭದಲ್ಲಿ ಸರ್ಕಾರವೇ ನೆಲೆಗೊಳಿಸಿದ ಪುನರ್ವಸತಿ ಗ್ರಾಮಗಳು.

ಭತ್ತ ಮತ್ತು ಮೀನು ಬಲ್ಲ ಈ ಜನರಿಗೆ ಜೋಳದ ಎರೆಭೂಮಿ ಅಪರಿಚಿತವಾಗಿತ್ತು. ಎಡದಂಡೆ ಕಾಲುವೆಯ ನೀರು ಇವರಿಗೆ ಆಸರೆಯಾಯಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ; ಶರತ್ಕಾಲದಲ್ಲಿ ದುರ್ಗಾಪೂಜೆ. ಇವರಲ್ಲಿ ಬಹುಪಾಲು ನಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಳದಲ್ಲಿ ಈ ಸಮುದಾಯ ಪರಿಶಿಷ್ಟ ಜಾತಿಯಾಗಿದ್ದು, ಕರ್ನಾಟಕದಲ್ಲಿಯೂ ಅದೇ ಮಾನ್ಯತೆ ಬೇಕೆಂಬ ಬೇಡಿಕೆ ವರ್ಷಗಳಿಂದ ಕೇಳಿಬಂದಿದೆ.

ನಿರ್ವಸತಿ ಈ ಸೀಮೆಗೆ ಹೊಸದೇನಲ್ಲ. ಇದೇ ಜಲಾಶಯದ ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿ, ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ್ದನ್ನು ಹಿರಿಯರು ಬಲ್ಲರು. ಆದರೆ ಅವರ ಪೌರತ್ವವನ್ನು ಯಾರೂ ಪ್ರಶ್ನಿಸಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಪೂರ್ವ ಯೂರೋಪಿನಿಂದ ಹೊರದೂಡಲ್ಪಟ್ಟ ಸುಮಾರು 1.2 ಕೋಟಿ ಜರ್ಮನ್ ಮೂಲದವರ ವಿಷಯದಲ್ಲಿ, ಪಶ್ಚಿಮ ಜರ್ಮನಿ 1949ರ ಸಂವಿಧಾನದ 116ನೇ ವಿಧಿಯಲ್ಲಿಯೇ ಅವರನ್ನು ಜರ್ಮನರೆಂದು ಅಂಗೀಕರಿಸಿತು. 1953ರಲ್ಲಿ ಪುನರ್ವಸತಿಗೆ ಪ್ರತ್ಯೇಕ ಕಾಯ್ದೆಯನ್ನೂ ತಂದಿತು. ದಶಕಗಳ ನಂತರ ಸೋವಿಯತ್ ಒಕ್ಕೂಟದಿಂದ ಮರಳಿದವರಿಗೂ ಆ ಬಾಗಿಲು ತೆರೆದಿತ್ತು. ಸಿಂಧನೂರಿನಲ್ಲಿ ಕ್ರಮ ತಲೆಕೆಳಗಾಯಿತು. ಜಮೀನು ಬಂದಿತು, ಕ್ಯಾಂಪಿಗೆ ಸಂಖ್ಯೆಯೂ ಬಂದಿತು. ಪೌರತ್ವ ಮಾತ್ರ ಎಲ್ಲರಿಗೂ ಬರಲಿಲ್ಲ. ಮುಖ್ಯವಾಗಿ, ಬಂಧುಗಳನ್ನು ಅರಸಿ ತಡವಾಗಿ ಬಂದವರು ಕಾನೂನಿನ ಹೊರಗೇ ಉಳಿದರು. ಪೌರತ್ವ ಕಾಯ್ದೆಯ 2003ರ ತಿದ್ದುಪಡಿ 'ಅಕ್ರಮ ವಲಸಿಗ' ಎನಿಸಿಕೊಂಡವರಿಗೆ ನೋಂದಣಿ ಮತ್ತು ದೇಶೀಕರಣದ ದಾರಿಗಳೆರಡನ್ನೂ ಮುಚ್ಚಿತು.

2014ರ ಡಿಸೆಂಬರ್ 31ರೊಳಗೆ ಬಂದ, ಮುಸ್ಲಿಮೇತರರಾದ ಆರು ಧರ್ಮಗಳವರಿಗೆ ವಿನಾಯಿತಿ ನೀಡಿದ 2019ರ ತಿದ್ದುಪಡಿ ದೇಶದಾದ್ಯಂತ ತೀವ್ರ ವಿರೋಧ ಎದುರಿಸಿತು. ಅದರ ನಿಯಮಗಳು ಜಾರಿಯಾದದ್ದು 2024ರ ಮಾರ್ಚ್‌ನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆಯ ಐವರಿಗೆ ಪ್ರಮಾಣಪತ್ರ ದೊರೆಯಿತು. ಅರ್ಜಿದಾರರು ತಾವು ಬಿಟ್ಟುಬಂದ ದೇಶದ ಮೂಲದವರೆಂದು ತೋರಿಸುವ ಯಾವುದಾದರೊಂದು ದಾಖಲೆಯನ್ನು ಹಾಜರುಪಡಿಸಬೇಕು: ಉದಾಹರಣೆಗೆ ಜನನ ಪತ್ರ, ಶಾಲಾ ಪ್ರಮಾಣಪತ್ರ, ಇಲ್ಲವೇ ಅಲ್ಲಿನ ಜಮೀನಿನ ಕಾಗದ.